ಏಳನೇ ಡಬ್ಬಿ

ಜನವರಿ 9, ಗುರುವಾರ

ಇವತ್ತು ಹದಿನಾರನೇ ಡಬ್ಬಿಯೂ ಮೇಲೇರಿತು. ಜಕ್ಕೂರಿನ ಹಳೇ ಊರಿನಲ್ಲಿ ಹದಿನಾರು ಮಾಳಿಗೆ, ಹದಿನಾರು ಡಬ್ಬಿ, ಒಂದೊಂದಕ್ಕೂ ನಾಲ್ಕು ಆಂಟೆನಾ. ಮೂರು ವಾರದಿಂದ ನಾನೂ ಸರ್ದಾರ್ ಅವರೂ ಏಣಿ ಹೊತ್ತು ಬೀದಿ ಬೀದಿ ಅಲೆದಿದ್ದೇವೆ. ಆರ್.ಟಿ. ನಗರದಲ್ಲಿ ಮೂವತ್ತು ವರ್ಷ ಡಿಶ್ ಕೂರಿಸಿದ ಕೈ ಅವರದು. ನಾನು ಅಳತೆಪಟ್ಟಿ ಬಿಚ್ಚುವಷ್ಟರಲ್ಲಿ ಕಣ್ಣಳತೆಯಲ್ಲೇ ಪೈಪು ನೆಟ್ಟಗೆ ನಿಲ್ಲಿಸಿರುತ್ತಾರೆ.

ಪ್ರತಿ ಮನೆಯಲ್ಲೂ ಒಂದೇ ಪ್ರಶ್ನೆ, ಇದು ಟವರಾ ಅಂತ. ನನ್ನ ಜಾಲದಲ್ಲಿ ಟವರೇ ಇಲ್ಲ. ಒಂದು ಡಬ್ಬಿ ಪಕ್ಕದ ಡಬ್ಬಿಗೆ ಹೇಳುತ್ತದೆ, ಅದು ಮುಂದಿನದಕ್ಕೆ. ಪ್ರವಾಹವೋ ಭೂಕಂಪವೋ ಬಂದು ಟವರುಗಳೆಲ್ಲ ಸತ್ತ ದಿನ ಮಾತಾಡುವುದು ಇಂಥ ಜಾಲವೊಂದೇ. ತೊಂದರೆಯೆಂದರೆ, ಡಬ್ಬಿಗಳು ಹೆಚ್ಚಿದಷ್ಟೂ ಗದ್ದಲ. ಮದುವೆ ಊಟದ ಪಂಕ್ತಿಯಲ್ಲಿ ಎಲ್ಲರೂ ಒಟ್ಟಿಗೆ ಮಾತಿಗಿಳಿದ ಹಾಗೆ. ದನಿ ಏರಿಸಿ ಫಲವಿಲ್ಲ, ಪಕ್ಕದವನೂ ಏರಿಸುತ್ತಾನೆ. ನನ್ನ ಪಿಎಚ್.ಡಿ. ಪ್ರಬಂಧ ಹೇಳುವುದಿಷ್ಟು: ನಾಲ್ಕು ಆಂಟೆನಾಗಳನ್ನು ಜೋರು ಮಾಡಲು ಬಳಸಬೇಡಿ, ಹತ್ತಿರದ ಮೂವರು ಗದ್ದಲಗಾರರನ್ನು ಕೇಳಿಸಿಕೊಳ್ಳದೆ ಇರಲು ಬಳಸಿ. ಆಗ ನಾಲ್ಕು ಪಟ್ಟು ಮನೆಗಳು ಸೇರಿದರೂ ಯಾರ ಪಾಲೂ ಕುಗ್ಗುವುದಿಲ್ಲ. ಕಾಗದದ ಮೇಲೆ ಇದು ಸಾಬೀತಾಗಿದೆ. ನಿಜವಾದ ಮಾಳಿಗೆಗಳ ಮೇಲೆ ತೋರಿಸಬೇಕು. ಏಪ್ರಿಲ್ ಕೊನೆಯೊಳಗೆ ಒಪ್ಪಿಸದಿದ್ದರೆ ಏಳು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೇದ ಹಾಗೆ.

ಏಳನೇ ಡಬ್ಬಿ ಸುಬ್ರಮಣಿಯ ಮನೆ ಮೇಲಿದೆ. ಅವನು ನೀರಿನ ಟ್ಯಾಂಕರ್ ಓಡಿಸುತ್ತಾನೆ. ಊರಿನ ನಡುಮಧ್ಯದ ಗಿಡ್ಡ ಮನೆ. ಸುತ್ತ ಆರು ಡಬ್ಬಿಗಳ ಗದ್ದಲ ಅದೊಂದಕ್ಕೇ ಬಡಿಯುತ್ತದೆ. ಅಲ್ಲಿ ಗೆದ್ದರೆ ಎಲ್ಲೆಡೆ ಗೆದ್ದ ಹಾಗೆ. ಅವನ ಹೆಂಡತಿ ಭಾಗ್ಯಶ್ರೀಗೆ ಆರು ತಿಂಗಳು. ಬೇಡವೆಂದರೂ ಬಿಡದೆ ಕಾಫಿ ಕೊಟ್ಟಳು.

"ಇದ್ರಿಂದ ಮಗೂಗೆ ಏನೂ ಆಗಲ್ವಾ ಮೇಡಂ?"

"ನಿಮ್ಮ ಕೈಲಿರೋ ಫೋನಿಗಿಂತ ಕಡಿಮೆ ಇದು. ಏನೂ ಆಗಲ್ಲ," ಎಂದೆ.

ನಕ್ಕಳು. ಹೆಣ್ಣಾದರೆ ನಿಮ್ಮ ಹಾಗೆ ಓದಿಸುತ್ತೇನೆ ಎಂದಳು. ಸಂಕೋಚವಾಯಿತು, ಖುಷಿಯೂ ಆಯಿತು.

ಜನವರಿ 21, ಮಂಗಳವಾರ

ಮೂರನೇ ಡಬ್ಬಿಯ ಮಾಳಿಗೆಯಲ್ಲಿ ಅಳತೆ ನಡೆಸಿದ್ದೆ. ಕೆಳಗೆ ಬೀದಿಯಲ್ಲಿ ಕೂಗಾಟ. ಅನಂತರಾಜು ಎಂಬ ಬಿಲ್ಡರಿನ ಆಳುಗಳು ಒಬ್ಬ ಗಾರೆ ಕೆಲಸದವನನ್ನು ಎಳೆದು ತಂದು ಮರಳಿನ ರಾಶಿಯ ಮೇಲೆ ಕೆಡವಿ ಒದೆಯುತ್ತಿದ್ದರು. ಅನಂತರಾಜು ಈ ಊರಿನ ಹಳೆಯ ಜಮೀನುದಾರರ ಮನೆಯವರು; ಈಗ ಕೆರೆ ಕಡೆಗೆ ಅಪಾರ್ಟ್‌ಮೆಂಟ್ ಎಬ್ಬಿಸುತ್ತಿದ್ದಾರೆ. ಅವರು ಜೀಪಿಗೆ ಒರಗಿ ಫೋನಿನಲ್ಲಿ ಮಾತಾಡುತ್ತಿದ್ದರು. ಒದೆಸಿಕೊಂಡವನ ಬಾಯೊಳಗೆ ಮರಳು. ಅವನು ಉಗುಳಿದಾಗ ರಕ್ತದ ಜೊತೆ ಹಲ್ಲು ಬಿತ್ತು.

ನಾನು ಲ್ಯಾಪ್‌ಟಾಪ್ ಮುಚ್ಚಿ ಅಳತೆಯನ್ನು ಅರ್ಧಕ್ಕೇ ಬಿಟ್ಟೆ. ಸರ್ದಾರ್ ನೀರಿನ ಬಾಟಲಿ ಹಿಡಿದು ಕೆಳಗೆ ಓಡಿದರು. ನಾನೂ ಹೋಗಿ ಆ ಮನುಷ್ಯನನ್ನು ಆಟೋ ಹತ್ತಿಸಿದೆ. ಸಂಜಯನಗರದ ಮನೆಗೆ ವಾಪಸಾದ ಮೇಲೂ ಅನ್ನ ಸೇರಲಿಲ್ಲ. ಅಮ್ಮ ಮಜ್ಜಿಗೆ ಕಲಸಿ ಕೊಟ್ಟಳು. ಅದೂ ಇಳಿಯಲಿಲ್ಲ.

ಫೆಬ್ರವರಿ 17, ಸೋಮವಾರ

ಭಾಗ್ಯಶ್ರೀಯ ಮಗು ಹೊಟ್ಟೆಯಲ್ಲೇ ಹೋಯಿತಂತೆ. ಹೆಣ್ಣು. ರಕ್ತದೊತ್ತಡ ಏರಿತ್ತು ಎಂದು ಆಸ್ಪತ್ರೆಯಲ್ಲಿ ಹೇಳಿದರಂತೆ. ಊರಿನ ಮಾತು ಬೇರೆ.

ನೋಡಲು ಹೋದೆ. ಸುಬ್ರಮಣಿ ಬಾಗಿಲಿಗೆ ಅಡ್ಡ ನಿಂತಿದ್ದ. ಮುಖದಲ್ಲಿ ಕಳೆಯಿರಲಿಲ್ಲ. "ಹೋಗಿ ಮೇಡಂ. ನಿಮ್ಮನ್ನ ನೋಡಿದ್ರೆ ಅವಳು ಇನ್ನೂ ಜಾಸ್ತಿ ಅಳ್ತಾಳೆ," ಎಂದ.

ಹಿಂದಿರುಗುವಾಗ ಸರ್ದಾರ್ ಹೇಳಿದರು: "ಆ ಮನೆ ಡಬ್ಬಿ ಇಳಿಸ್ಬಿಡೋಣ ಮೇಡಂ. ತಪ್ಪು ನಮ್ದಲ್ಲ, ನಂಗೊತ್ತು. ಆದ್ರೂ ಸಾವಾದ ಮನೆ."

ಸರಿ ಎನ್ನಲು ಬಾಯಿ ತೆರೆದೆ. ಶುಕ್ರವಾರಕ್ಕೆ ಎರಡು ಆಂಟೆನಾದ ಅಳತೆಯ ಸರಣಿ ಮುಗಿಯುತ್ತದೆ. ಒಂದು ವಾರ ತಾಳಿ ಎಂದೆ.

ಫೆಬ್ರವರಿ 22, ಶನಿವಾರ

ತುಟಿಗೆ ಮೂರು ಹೊಲಿಗೆ. ಬರೆಯುವುದೊಂದೇ ಸಾಧ್ಯ, ಮಾತಾಡಲಾಗುವುದಿಲ್ಲ.

ಬೆಳಿಗ್ಗೆ ಏಳನೇ ಡಬ್ಬಿ ಸುಮ್ಮನಾಯಿತು. ನಂತರ ಆರು, ಎಂಟು. ಹೋಗಿ ನೋಡಿದರೆ ಸುಬ್ರಮಣಿ ಮಾಳಿಗೆಯಲ್ಲಿ ಹಾರೆ ಹಿಡಿದು ನಿಂತಿದ್ದ. ಡಬ್ಬಿ ಚೂರಾಗಿತ್ತು. ಅಕ್ಕಪಕ್ಕದ ಮಾಳಿಗೆಯವನ್ನೂ ಒಡೆದು ಬಂದಿದ್ದ. ಸರ್ದಾರ್ ಎರಡೂ ಕೈ ಮೇಲೆತ್ತಿ ಹತ್ತಿರ ಹೋದರು. "ತಮ್ಮಾ, ಬಿಚ್ಕೊಂಡು ಹೋಗೋಕೇ ಬಂದಿದೀವಿ," ಎಂದರು. ಸುಬ್ರಮಣಿ ಅವರ ಹೊಟ್ಟೆಗೆ ಹಾರೆಯ ಮೊಂಡು ತುದಿಯಿಂದ ತಿವಿದ. ಅವರು ಪ್ಯಾರಪೆಟ್ ಗೋಡೆ ಹಿಡಿದು ಬಾಗಿದರು. ಗೋಡೆಯ ಮೇಲಿದ್ದ ಬಲಗೈಗೆ ಹಾರೆ ಬಿತ್ತು. ತೆಂಗಿನಕಾಯಿ ಒಡೆದಂಥ ಸದ್ದು. ಮತ್ತೊಮ್ಮೆ ಎತ್ತಿದ. ನಾನು ಹಿಂದಿನಿಂದ ಅವನ ಅಂಗಿ ಹಿಡಿದೆ. ಅವನು ಕೊಡವಿದ ರಭಸಕ್ಕೆ ಸಿಂಟೆಕ್ಸ್ ಟ್ಯಾಂಕಿನ ಕಬ್ಬಿಣದ ಸ್ಟ್ಯಾಂಡಿಗೆ ನನ್ನ ಬಾಯಿ ಬಡಿಯಿತು.

ಅವನು ಹಾರೆ ಬಿಸಾಕಿ ಅಲ್ಲೇ ಕುಕ್ಕರಗಾಲಲ್ಲಿ ಕೂತು ಮುಖ ಮುಚ್ಚಿಕೊಂಡ. "ಬಟ್ಟೆ ಕೂಡ ಹೊಲಿಸಿದ್ಲು," ಎನ್ನುತ್ತಿದ್ದ. ಅಷ್ಟೇ ಮಾತು, ಮತ್ತೆ ಮತ್ತೆ.

ಅವನನ್ನು ಕಂಡು ನನಗೂ ಅಳು ಬಂತು. ಇದನ್ನು ಬರೆದಿಡಬೇಕು ಅನಿಸಿತು.

ಫೆಬ್ರವರಿ 25, ಮಂಗಳವಾರ

ಸರ್ದಾರ್ ಕೈಗೆ ಪ್ಲೇಟು ಹಾಕಿದ್ದಾರೆ. ಎರಡು ಬೆರಳು ಮಡಚಲು ಬರುವುದಿಲ್ಲವಂತೆ. ಮಗಳು ತಸ್ನೀಮ್ ಪಕ್ಕದಲ್ಲಿ ಕೂತು ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು.

ಠಾಣೆಯಲ್ಲಿ ನನ್ನ ತುಟಿಯನ್ನು ನೋಡಿ ಒಬ್ಬರು ಹೇಳಿದರು: "ಅವನದು ಮಗು ಹೋಗಿದೆ, ನಿಮ್ಮದು ಡಬ್ಬ ಹೋಗಿದೆ. ರಾಜಿ ಮಾಡ್ಕೊಳ್ಳಿ ಮೇಡಂ." ಸರ್ದಾರ್ ಕೂಡ ಹಾಗೇ ಅಂದರು, ದೂರು ಬೇಡ, ಸಿಟ್ಟಲ್ಲಿದ್ದ ಮನುಷ್ಯ, ಹೋಗಲಿ ಬಿಡಿ ಎಂದು.

ಕೈ ಮುರಿದವನ ಪರ ಕೈ ಮುರಿಸಿಕೊಂಡವರೇ ಮಾತಾಡಿದರೆ ನಾನು ಏನು ಮಾಡಲಿ? ಕೋಪ ಬಂತು. ಯಾರ ಮೇಲೆಂದು ತಿಳಿಯಲಿಲ್ಲ.

ಮಾರ್ಚ್ 6, ಗುರುವಾರ

ವೆಂಕಟರಾಮಯ್ಯ ಸರ್ ಕೋಣೆಯಲ್ಲಿ ಒಂದು ಗಂಟೆ. ಏಳು ವರ್ಷದಿಂದ ನನ್ನ ಮಾರ್ಗದರ್ಶಕರು. ಇವತ್ತಿನವರೆಗೆ ದನಿ ಎತ್ತಿದವರಲ್ಲ. ಇವತ್ತೂ ಹೆಸರು ಹಿಡಿದು ಮೆಲ್ಲಗೇ ಹೇಳಿದರು: "ಇಂದು, ಜಕ್ಕೂರು ಬಿಡಮ್ಮ. ಕ್ಯಾಂಪಸ್ಸಲ್ಲೇ ಎಂಟು ಡಬ್ಬಿ ಇಟ್ಟು ಅಳೆ. ಚಿಕ್ಕ ಪ್ರಬಂಧ ಆಗುತ್ತೆ, ಆಗಲಿ. ನಾನು ಸಹಿ ಹಾಕ್ತೀನಿ."

ಚಿಕ್ಕ ಪ್ರಬಂಧ ನನಗೆ ಬೇಡ ಎಂದೆ. ಕ್ಯಾಂಪಸ್ಸಿನಲ್ಲಿ ಮರಗಳಿವೆ, ಮೌನವಿದೆ. ಒತ್ತಿಕೊಂಡ ಮನೆಗಳಿಲ್ಲ, ಗದ್ದಲವಿಲ್ಲ. ಗದ್ದಲವಿಲ್ಲದ ಕಡೆ ಗದ್ದಲ ಗೆದ್ದೆ ಎಂದರೆ ಯಾರು ನಂಬುತ್ತಾರೆ?

"ಹಟ ಮಾಡಬೇಡ," ಎಂದರು. ಬಾಗಿಲನ್ನು ಸ್ವಲ್ಪ ಜೋರಾಗಿಯೇ ಎಳೆದುಕೊಂಡೆ.

ಮಾರ್ಚ್ 12, ಬುಧವಾರ

ಅನಂತರಾಜು ಕರೆಸಿದ್ದರು. ಕೆರೆ ಬದಿಯ ಅವರ ಸೈಟ್ ಆಫೀಸು. ಎಳನೀರು ತರಿಸಿದರು. ಫ್ಲೈಯಿಂಗ್ ಕ್ಲಬ್ಬಿನ ವಿಮಾನ ತಲೆಯ ಮೇಲೆ ಹೋಗುವ ತನಕ ಸುಮ್ಮನಿದ್ದು ಮಾತು ಶುರು ಮಾಡಿದರು.

"ನಮ್ಮೂರಾಗೆ ಓದಿರೋ ಹೆಣ್ಮಗಳಿಗೆ ಇಂಗಾಗಬಾರದಿತ್ತು. ನಿಮ್ ಡಬ್ಬಿಗೋಳು ತಿರುಗ ಇಡಿ. ನಮ್ಮೋರು ಕಾಯ್ತಾರೆ."

"ಉಳಿದವು ಸರಿ ಸರ್. ಏಳನೇದು ಸುಬ್ರಮಣಿ ಮನೆ ಮೇಲೇ ಬೇಕು."

"ನಮ್ ಬಿಲ್ಡಿಂಗ್ ಮ್ಯಾಲೆ ಇಡಬೋದಲ್ಲ, ಪಕ್ಕದಾಗೇ ಐತೆ."

"ಐದು ಮಹಡಿ ಎತ್ತರವಾಯ್ತು. ಅಲ್ಲಿಂದ ಅಳತೆ ಬೇರೆ ಬರುತ್ತೆ."

ಅವರು ಎಳನೀರಿನ ಸ್ಟ್ರಾ ತಿರುಗಿಸುತ್ತ ನನ್ನನ್ನೇ ನೋಡಿದರು. ಸುಬ್ರಮಣಿಯ ಮನೆ ಅವರ ಅಪಾರ್ಟ್‌ಮೆಂಟಿಗೆ ಹೋಗುವ ದಾರಿಯ ಬಾಯಲ್ಲೇ ಇದೆ. ಅದನ್ನು ಮಾರಲು ಅವನು ಎರಡು ವರ್ಷದಿಂದ ಒಪ್ಪುತ್ತಿಲ್ಲ ಎಂದು ಊರಿಗೆಲ್ಲ ಗೊತ್ತು. ನನಗೂ ಗೊತ್ತು.

"ಆ ಮನೇನೇ ಬೇಕಾ?"

"ಬೇಕು."

"ಅವನು ಒಪ್ದೇ ಇದ್ರೆ?"

"ಒಪ್ಪಿಸಿ."

"ನೀವು ಓದಿರೋರು," ಎಂದು ನಕ್ಕರು. "ಒಂದೇ ಮಾತ್ನಾಗೆ ಮುಗಿಸ್ಬುಟ್ರಿ."

ಎಳನೀರು ಚೆನ್ನಾಗಿತ್ತು.

ಮಾರ್ಚ್ 19, ಬುಧವಾರ

ಹೆಬ್ಬಾಳ ಫ್ಲೈಓವರ್ ಕೆಳಗೆ ಒಬ್ಬ ಬೈಕಿನವನು ನನ್ನ ಸ್ಕೂಟರಿಗೆ ಉಜ್ಜಿದ. ಪೆಟ್ಟಿಗೆಯಲ್ಲಿ ಹೊಸ ಆಂಟೆನಾಗಳಿದ್ದವು. ಇಳಿದು ಅವನ ಹೆಲ್ಮೆಟ್ಟಿಗೆ ಹೊಡೆದೆ. ಒಂದಲ್ಲ, ನಾಲ್ಕೈದು. ಹಿಂದಿದ್ದವರು ಹಾರನ್ ನಿಲ್ಲಿಸಿದರು. ಅವನು ಸಾರಿ ಅಕ್ಕಾ, ಸಾರಿ ಎಂದ. ಕೈ ಊದಿಕೊಂಡಿದೆ. ಮೈ ಮಾತ್ರ ಹಗುರ. ಆಂಟೆನಾಗಳಿಗೆ ಏನೂ ಆಗಿಲ್ಲ.

ಮಾರ್ಚ್ 27, ಗುರುವಾರ

ಹತ್ತು ಗಂಟೆಗೆ ಬಂದು ಡಬ್ಬಿಯ ಜಾಗ ತೋರಿಸಿ ಎಂದು ಅನಂತರಾಜು ಫೋನು ಮಾಡಿದ್ದರು. ಹೋದಾಗ ಟ್ಯಾಂಕರ್ ಬೀದಿಗೆ ಅಡ್ಡ ನಿಂತಿತ್ತು. ನಾಲ್ವರು ಸುಬ್ರಮಣಿಯನ್ನು ಸೀಟಿನಿಂದ ಎಳೆದಿದ್ದರು. ಒಬ್ಬ ಅವನ ಕೂದಲು ಹಿಡಿದಿದ್ದ, ಮತ್ತೊಬ್ಬ ಬಲಗೈಯನ್ನು ಬಾಗಿಲ ಸಂದಿಯಲ್ಲಿ ಇಡಿಸಿದ್ದ. ಬಾಗಿಲು ಹಾಕಿದರು. ತೆಗೆದರು. ಮತ್ತೊಮ್ಮೆ ಹಾಕಿದರು. ಟ್ಯಾಂಕರಿನ ನಲ್ಲಿ ಮುರಿದು ನೀರು ಬೀದಿಯ ತುಂಬ ಹರಿಯುತ್ತಿತ್ತು, ಹಾಗಾಗಿ ಕೆಂಪು ಹೆಚ್ಚು ಹೊತ್ತು ನಿಲ್ಲಲಿಲ್ಲ. ಹೊಸಿಲ ಮೇಲೆ ಭಾಗ್ಯಶ್ರೀ ಗೋಡೆಗೆ ಅಂಟಿ ನಿಂತಿದ್ದಳು.

ಅವನು ನನ್ನನ್ನು ಕಂಡ. "ಮೇಡಂ, ಹೇಳಿ ಇವರಿಗೆ," ಎಂದ. "ನೀವು ಹೇಳಿದ್ರೆ ಕೇಳ್ತಾರೆ."

ನಾನು ಹೊಡೆಯಲು ಹೇಳಿರಲಿಲ್ಲ. ಒಪ್ಪಿಸಿ ಎಂದಿದ್ದೆ, ಅಷ್ಟೇ. ಮೆಟ್ಟಿಲು ಹತ್ತಿ ಮೇಲೆ ಹೋಗಿ ದಿಕ್ಸೂಚಿ ಇಟ್ಟು ಉತ್ತರ ಗುರುತು ಮಾಡಿದೆ. ಎರಡು ಡಿಗ್ರಿ ವ್ಯತ್ಯಾಸವಿತ್ತು. ಸರಿಪಡಿಸಿದೆ.

ಹೊಟ್ಟೆ ತುಂಬ ಊಟ ಮಾಡಿದೆ. ಅಮ್ಮ ಹುರುಳಿಕಾಯಿ ಪಲ್ಯ ಮಾಡಿದ್ದಳು.

ಮಾರ್ಚ್ 29, ಶನಿವಾರ

ಸುಬ್ರಮಣಿಯೂ ಭಾಗ್ಯಶ್ರೀಯೂ ಮಾಕಳಿಗೆ, ಅವಳ ತವರಿಗೆ, ಹೋದರಂತೆ. ಮನೆ ಖಾಲಿ. ಏಳನೇ ಡಬ್ಬಿ ಮಾತಾಡುತ್ತಿದೆ. ಒಂದು ಆಂಟೆನಾ, ಎರಡು ಆಂಟೆನಾ, ಎರಡೂ ಸರಣಿ ಮತ್ತೆ ಮೊದಲಿಂದ ಅಳೆದು ಮುಗಿಸಿದೆ. ಗ್ರಾಫಿನ ಗೆರೆ ನನ್ನ ಲೆಕ್ಕಕ್ಕೆ ಕೂದಲೆಳೆಯಷ್ಟೂ ತಪ್ಪದೆ ಬಂದಿದೆ.

ಏಪ್ರಿಲ್ 8, ಮಂಗಳವಾರ

ಸರ್ದಾರ್ ಮನೆಗೆ ಬಂದಿದ್ದರು. ಕೆಲಸಕ್ಕೆ ವಾಪಸು ಬಂದರೆಂದುಕೊಂಡೆ. ಕೂರಲಿಲ್ಲ. ಮಾಕಳಿಗೆ ಹೋಗಿ ಸುಬ್ರಮಣಿಯನ್ನು ನೋಡಿ ಬಂದರಂತೆ. ಅವನ ಮೂರು ಬೆರಳು ತೆಗೆದಿದ್ದಾರೆ.

"ನೀವು ಅಲ್ಲೇ ಇದ್ರಂತೆ."

"ನಾನು ಕೆಲಸಕ್ಕೆ ಹೋಗಿದ್ದೆ."

"ನನ್ ಕೈ ಮುರಿದಿದ್ದು ಸಿಟ್ಟಲ್ಲಿ ಮೇಡಂ. ಅವನ್ ಕೈ ಮುರಿದಿದ್ದು ಲೆಕ್ಕ ಹಾಕಿ."

ನಾನು ನಿಮಗಾಗಿಯೂ ಮಾಡಿದ್ದು ಎಂದೆ. ಅವರು ತಮ್ಮ ಬಲಗೈ ನೋಡಿಕೊಂಡರು. "ನನ್ ಹೆಸರಲ್ಲಿ ಬೇಡ," ಎಂದು ಹೊರಟುಬಿಟ್ಟರು.

ಅವರಿಗೆ ಕೃತಜ್ಞತೆ ಇಲ್ಲ. ನೋವಿನಿಂದ ಮನಸ್ಸು ಕೆಟ್ಟಿರಬಹುದು. ಅಮ್ಮ ಏನಾಯಿತೆಂದು ಭುಜ ಮುಟ್ಟಿದಳು. ತಳ್ಳಿದೆ. ಅವಳ ಕೈಯಲ್ಲಿದ್ದ ತಟ್ಟೆ ಬಿತ್ತು. ನನ್ನನ್ನು ಯಾರೋ ಪರಕೀಯಳನ್ನು ನೋಡಿದ ಹಾಗೆ ನೋಡಿದಳು. ವಯಸ್ಸಾಗುತ್ತಿದೆ ಅವಳಿಗೆ.

ಏಪ್ರಿಲ್ 17, ಗುರುವಾರ

ಮುಗಿಯಿತು. ನಾಲ್ಕು ಆಂಟೆನಾ, ಹದಿನಾರು ಡಬ್ಬಿ, ಎಂಟು ಜೋಡಿ ಒಟ್ಟಿಗೆ ಮಾತು, ಎರಡು ಗಂಟೆ ಎಡೆಬಿಡದೆ. ಹತ್ತಕ್ಕೆ ಶುರು ಮಾಡಿದೆ. ಏಳನೇ ಡಬ್ಬಿಯ ಪಕ್ಕದಲ್ಲಿ ಛತ್ರಿ ಕಟ್ಟಿಕೊಂಡು ಕೂತಿದ್ದೆ. ಕಾವಲಿನವನು ಟೀ ಕುಡಿಯಲು ಹೋಗಿದ್ದ.

ಹನ್ನೊಂದು ಹದಿನೆಂಟಕ್ಕೆ ತೆರೆಯ ಮೇಲೆ ಗೆರೆ ದಿಢೀರನೆ ಬಿತ್ತು. ತಲೆ ಎತ್ತಿದರೆ ಭಾಗ್ಯಶ್ರೀ ಆಂಟೆನಾಗಳ ಎದುರಿಗೇ ನಿಂತಿದ್ದಳು. ಗಂಡನ ಆಸ್ಪತ್ರೆಗೆ ಬೇಕಾದ ಕಾಗದ ಒಯ್ಯಲು ಬಂದಿದ್ದಳಂತೆ. ಬಹಳ ಇಳಿದುಹೋಗಿದ್ದಳು.

"ಅವತ್ತು ಏನೂ ಆಗಲ್ಲ ಅಂದ್ರಲ್ಲಾ ಮೇಡಂ."

"ಆ ಕಡೆ ಸರಿಯಿರಿ. ಇನ್ನು ನಲವತ್ತು ನಿಮಿಷ ಇದೆ. ಆಮೇಲೆ ಮಾತಾಡೋಣ."

"ಇದು ನಮ್ಮನೆ."

ಅಳಲಿಲ್ಲ, ಬಯ್ಯಲಿಲ್ಲ. ಎರಡು ಕೈಯಲ್ಲೂ ಪೈಪು ಹಿಡಿದು ಅಲುಗಾಡಿಸತೊಡಗಿದಳು. ಬಿಡಿ ಎಂದೆ. ಮೂರು ಸಲ ಹೇಳಿದೆ. ಬುಡದ ಬೋಲ್ಟು ಕಿರುಗುಟ್ಟಿತು. ಉಳಿದ ಪೈಪಿನ ತುಂಡೊಂದು ಕಾಲ ಬಳಿ ಇತ್ತು. ಮೊದಲ ಏಟು ಮಣಿಕಟ್ಟಿಗೆ. ಬಿಡಲಿಲ್ಲ. ಎರಡನೆಯದು ಕಿವಿಯ ಮೇಲೆ. ಅದು ಬೇಕಾಗಿತ್ತು. ಅವಳು ಮಂಡಿಯೂರಿ, ಆಮೇಲೆ ಪಕ್ಕಕ್ಕೆ, ಮೆಲ್ಲಗೆ ಮಲಗಿದ ಹಾಗೆ ಬಿದ್ದಳು. ಕಾಲೊಂದು ಕೇಬಲ್ಲಿನ ಮೇಲಿತ್ತು. ಸರಿಸಿದೆ. ಹನ್ನೊಂದು ಇಪ್ಪತ್ತೆರಡಕ್ಕೆ ಗೆರೆ ಮೇಲೆದ್ದಿತು.

ಅವಳನ್ನು ಕರೆತಂದಿದ್ದ ಸರ್ದಾರ್ ಕೆಳಗೆ ಆಟೋದಲ್ಲಿದ್ದರು. ಸದ್ದು ಕೇಳಿ ಮೇಲೆ ಬಂದರು. ಒಂದೇ ಕೈಯಲ್ಲಿ ಅವಳನ್ನು ಹೆಗಲಿಗೆ ಹಾಕಿಕೊಂಡು, ಗೋಡೆಗೆ ಒರಗುತ್ತ ಒಂದೊಂದೇ ಮೆಟ್ಟಿಲು ಇಳಿದರು. ಮೆಟ್ಟಿಲ ಉದ್ದಕ್ಕೂ ರಕ್ತ ಸೋರಿತ್ತು.

ಉಳಿದ ಮೂವತ್ತೆಂಟು ನಿಮಿಷ ಒಂದು ತೊಡಕೂ ಇಲ್ಲದೆ ನಡೆಯಿತು. ಗದ್ದಲದ ಮಧ್ಯದ ಆ ಒಂದು ಮಾಳಿಗೆಯಲ್ಲಿ ಏಳನೇ ಡಬ್ಬಿ ತನಗೆ ಬೇಕಾದ ದನಿಯನ್ನು ಮಾತ್ರ ಕೇಳಿಸಿಕೊಂಡಿತು. ಒಂದೇ ಆಂಟೆನಾದಲ್ಲಿ ಸಿಕ್ಕಿದ್ದರ ನಾಲ್ಕು ಪಟ್ಟಿಗೆ ತುಸುವೇ ಕಡಿಮೆ. ಇಷ್ಟು ಸ್ವಚ್ಛವಾದ ಫಲಿತಾಂಶ ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ದುಪಟ್ಟದ ಮೇಲಿನ ಕಲೆ ಏನೆಂದು ಅಮ್ಮ ದೂರದಿಂದಲೇ ಕೇಳಿದಳು. ತುಕ್ಕು ಎಂದೆ.

ಏಪ್ರಿಲ್ 23, ಬುಧವಾರ

ಸರ್ ಎರಡು ದಿನ ಪ್ರಬಂಧ ಓದಿದ್ದಾರೆ. ಕೊನೆಯ ಅಧ್ಯಾಯ ಬಂದಾಗ ಕನ್ನಡಕ ತೆಗೆದು ಒರೆಸಿದರು. "ಅದ್ಭುತವಾಗಿದೆ ಇಂದು," ಎಂದರು. ಏಳು ವರ್ಷದಲ್ಲಿ ಮೊದಲ ಸಲ.

ಆಮೇಲೆ ಗೆರೆಯಲ್ಲಿದ್ದ ಹಳ್ಳದ ಮೇಲೆ ಬೆರಳಿಟ್ಟರು. "ಹನ್ನೊಂದು ಹದಿನೆಂಟರಿಂದ ನಾಲ್ಕು ನಿಮಿಷ. ಇದೇನು?"

ಅದನ್ನು ಅಳಿಸಬಹುದಿತ್ತು. ನಾನು ಎಂದೂ ಅಳತೆ ಅಳಿಸಿದವಳಲ್ಲ. ಕೆಳಗೆ ಟಿಪ್ಪಣಿಯನ್ನೂ ಹಾಕಿದ್ದೆ: ಅಡಚಣೆ, ನಾಲ್ಕು ನಿಮಿಷ, ನಿವಾರಿಸಲಾಯಿತು.

"ಮನುಷ್ಯರ ಮೈ ಅಡ್ಡ ಬಂದರೆ ಗೆರೆ ಹೀಗೆ ಬೀಳುತ್ತೆ," ಎಂದರು. "ಯಾರು ನಿಂತಿದ್ದರು?"

"ಆ ಮನೆಯವಳು ಸರ್. ಭಾಗ್ಯಶ್ರೀ ಅಂತ."

"ಹೇಗೆ ಕಳಿಸಿದೆ?"

ಹೇಳಿದೆ. ಸರ್ ಬಳಿ ಸುಳ್ಳು ಹೇಳಿದವಳಲ್ಲ ನಾನು. ಅವರ ಮುಖ ಬಿಳುಚಿತು. ಬೆರಳು ಇನ್ನೂ ಗೆರೆಯ ಮೇಲೇ ಇತ್ತು.

"ಬಿದ್ದ ಮೇಲೆ?"

"ಮೂವತ್ತೆಂಟು ನಿಮಿಷ ಉಳಿದಿತ್ತು ಸರ್. ಪೂರ್ತಿ ಮಾಡಿದೆ."

ಗೆರೆಯಿಂದ ಬೆರಳು ತೆಗೆದರು. "ಅವಳು ಬದುಕಿದ್ದಾಳಾ?" ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ. ಆರು ದಿನ ಗ್ರಾಫು, ಕೋಷ್ಟಕ, ಉಲ್ಲೇಖಗಳ ಪಟ್ಟಿ ಎಂದು ಪುರುಸೊತ್ತೇ ಆಗಿರಲಿಲ್ಲ. ಹಾಗೇ ಹೇಳಿದೆ.

ಸರ್ ಪ್ರಬಂಧವನ್ನು ಮುಚ್ಚಿ ನನ್ನ ಕಡೆ ತಳ್ಳಿದರು. "ಠಾಣೆಗೆ ಹೋಗಿ ಇದನ್ನೇ ಹೇಳು. ಅಲ್ಲಿ ತನಕ ನನ್ನ ಸಹಿ ಇಲ್ಲ. ಇವತ್ತು ನನ್ನ ಎದುರಿಗೆ ಇರಬೇಡ."

ಒಪ್ಪಿಸಲು ಇನ್ನು ಏಳೇ ದಿನ. ಅವರೂ ಹೀಗೆ ಮಾಡುತ್ತಾರೆಂದು ಊಹಿಸಿರಲಿಲ್ಲ.

ಏಪ್ರಿಲ್ 24, ಗುರುವಾರ

ಬೆಳಿಗ್ಗೆ ಸರ್ದಾರ್ ಅವರಿಗೆ ಫೋನು ಮಾಡಿದೆ. ಸರ್ ಕೇಳಿದ್ದಕ್ಕೆ ಉತ್ತರ ಬೇಕಿತ್ತು.

"ಬದುಕಿದ್ದಾಳೆ," ಎಂದರು. "ಹದಿನಾಲ್ಕು ಹೊಲಿಗೆ. ಎಡಗಿವಿ ಕೇಳ್ತಿಲ್ಲ. ಇನ್ಮೇಲೆ ಕೇಳಲ್ವಂತೆ. ನಿನ್ನೆ ಸಂಜೆ ದೂರು ಕೊಟ್ಟಿದೀವಿ. ಅನಂತರಾಜು ಮೇಲೂ, ನಿಮ್ಮ ಮೇಲೂ. ನಾನೇ ಸಾಕ್ಷಿ. ಇವತ್ತು ಬರ್ತಾರೆ ನಿಮ್ಮನೆಗೆ."

"ಸುಬ್ರಮಣಿ ಮೇಲೆ ಅವತ್ತು ನೀವು ದೂರು ಕೊಡಲಿಲ್ಲ."

"ಅವನು ಹಾರೆ ಬಿಸಾಕಿ ಕೂತು ಅತ್ತ ಮೇಡಂ."

ಆ ಮಾತು ನನಗೆ ಅರ್ಥವಾಗಲಿಲ್ಲ. ಅವರಿಗೆ ಒಳ್ಳೆಯದನ್ನೇನಾದರೂ ಹೇಳಬೇಕು ಅನಿಸಿತು. ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಮೊದಲ ಹೆಸರು ನಿಮ್ಮದೇ ಎಂದೆ.

"ತೆಗೀರಿ," ಎಂದರು.

ಕೆಳಗೆ ಜೀಪು ಬಂದು ನಿಂತಿದೆ. ಅಮ್ಮ ಬಾಗಿಲು ತೆರೆಯುತ್ತಿದ್ದಾಳೆ. ಒಂದು ನಿಮಿಷ ಎಂದು ಕೂಗಿ ಹೇಳಿ ಕಡತ ತೆರೆದೆ. ಸರ್ದಾರ್ ಅವರ ಹೆಸರಿದ್ದ ಸಾಲನ್ನು ತೆಗೆದೆ. ಕೆಳಗಿದ್ದ ಅನಂತರಾಜು ಅವರ ಹೆಸರು ತಾನಾಗಿಯೇ ಮೇಲೆ ಬಂದು ಆ ಜಾಗದಲ್ಲಿ ಕೂತಿತು. ಪುಟ ಚೊಕ್ಕವಾಗಿದೆ.